ಗ್ವಾಯಾಕಿಲ್‌ನಲ್ಲಿ ಮುತ್ತಮ್ಮಾಳ್

ಭಾಷಣ ಇದ್ದದ್ದು ಹತ್ತೂವರೆಗೆ. ಮುತ್ತುಕುಮಾರ್ ಎಂಟಕ್ಕೇ ಷೂ ಹಾಕಿಕೊಂಡು ಕೂತ, ಬಿಚ್ಚಿದ, ಚಪ್ಪಲಿ ಮೆಟ್ಟಿ ಅಂಗಳದವರೆಗೆ ಹೋಗಿ ಬಂದ, ಮತ್ತೆ ಷೂ ಹಾಕಿಕೊಂಡ. ಕಂಬಂ ಕಣಿವೆಯಲ್ಲಿ ಹದಿನೆಂಟು ಎಕರೆ ಬಾಳೆ, ಒಂದು ಪ್ಯಾಕಿಂಗ್ ಶೆಡ್ಡು, ಎರಡು ಬೋರ್‌ವೆಲ್ಲು, ಅಲ್ಪಸ್ವಲ್ಪ ರಕ್ತದೊತ್ತಡ ಇರುವ ಐವತ್ತಮೂರರ ಗಂಡಸು ಬೆಳಗಿನ ಹೊತ್ತು ತನ್ನ ಕಾಲಿನ ಬಗ್ಗೆ ಇಷ್ಟೊಂದು ಯೋಚಿಸಬಾರದು. ಆದರೆ ಕುಲದ ಸಂಘದವರು ಯೋಚಿಸುವ ಹಾಗೆ ಮಾಡಿದ್ದರು. ಕಲ್ಯಾಣಮಂಟಪದ ಮುಂದೆ ಹನ್ನೆರಡಡಿ ಅಗಲದ ಫ್ಲೆಕ್ಸು ಕಟ್ಟಿಸಿ, ದಕ್ಷಿಣ ಅಮೆರಿಕದ ಮಣ್ಣಿನಲ್ಲಿ ಕಾಲಿಟ್ಟ ನಮ್ಮ ಕುಲದ ಮೊದಲ ಮಗ ಎಂದು ತಮಿಳಿನಲ್ಲಿ ದಪ್ಪಕ್ಷರಗಳಲ್ಲಿ ಬರೆಸಿದ್ದರು. ಎಷ್ಟೋ ತಲೆಮಾರಿನ ಹಿಂದೆ ದನಕರು ಹೊಡೆದುಕೊಂಡು ಕನ್ನಡ ಸೀಮೆಯಿಂದ ಬಂದು ಇಲ್ಲಿ ನೆಲೆನಿಂತ ಮಂದಿ. ಮನೆಯೊಳಗೆ ಹಕಾರ ನುಂಗಿದ ಕನ್ನಡ, ಬೀದಿಯಲ್ಲಿ ತಮಿಳು, ಫ್ಲೆಕ್ಸಿನ ಮೇಲಂತೂ ತಮಿಳೇ. ಲೋಕದಲ್ಲಿ ಅಷ್ಟೊಂದು ಪದಗಳಿರುವಾಗ ಸಂಘದ ಅಧ್ಯಕ್ಷ ಬಾಲಮುರುಗನ್‌ಗೆ ಸಿಕ್ಕಿದ್ದು ಇವೆರಡೇ, ಮಣ್ಣು ಮತ್ತು ಕಾಲು. ಫೋಟೋದಲ್ಲಿ ಮುತ್ತುಕುಮಾರ್ ಕೂಲಿಂಗ್ ಗ್ಲಾಸು ಹಾಕಿ ನಗುತ್ತಿದ್ದ. ಬೆನ್ನ ಹಿಂದೆ ಬೆಟ್ಟದ ತುದಿಯಲ್ಲಿ ಎರಡೂ ತೋಳು ಚಾಚಿ ನಿಂತ ಏಸುವಿನ ದೊಡ್ಡ ಪ್ರತಿಮೆ, ಪಕ್ಕದಲ್ಲಿ ಒಂದು ಗಿಣಿ, ಒಂದು ಫುಟ್‌ಬಾಲು. ಆ ಪ್ರತಿಮೆ ಇರುವುದು ಬೇರೆಯೇ ದೇಶದಲ್ಲಿ. ಥೇಣಿಯ ಫ್ಲೆಕ್ಸ್ ಅಂಗಡಿಯವನ ಲೆಕ್ಕದಲ್ಲಿ ದಕ್ಷಿಣ ಅಮೆರಿಕ ಎಂದರೆ ಒಂದೇ ಊರು. ತಿದ್ದಿಸೋಣವೆಂದು ಫೋನ್ ಕೈಗೆತ್ತಿಕೊಂಡವನು ಸುಮ್ಮನಾಗಿದ್ದ. ಒಂದು ಸುಳ್ಳಿನ ಹಿಂದೆ ಇನ್ನೊಂದು ನಿಂತಿದ್ದರೆ ನೋಡುವುದಕ್ಕೆ ಲಕ್ಷಣವಾಗಿಯೇ ಇರುತ್ತದೆ ಅನ್ನಿಸಿತ್ತು.

ಭಾಷಣದ ವಿಷಯವನ್ನೂ ಬಾಲಮುರುಗನ್ನೇ ಗೊತ್ತುಮಾಡಿದ್ದ: ಫಸ್ಟ್ ಇಂಪ್ರೆಷನ್. ಮೊದಲ ನೋಟಕ್ಕೆ ಆ ಮಹಾನಗರ ಹೇಗೆ ಕಂಡಿತು, ಇಪ್ಪತ್ತು ನಿಮಿಷ, ಆಮೇಲೆ ಊಟ. ಕಂಬಂನಲ್ಲಿ ಪಂಪ್‌ಸೆಟ್ ಅಂಗಡಿ ಇಟ್ಟಿರುವ ಬಾಲಮುರುಗನ್‌ಗೆ ಯಾವ ವಿಷಯದಲ್ಲೂ ಅಳುಕಿಲ್ಲ. “ಅಣ್ಣೇ, ಚುಮ್ಮಾ ಮಾತಾಡು. ಕಂಡದ್ದ ಏಳು, ಕಾಣ್ದಿದ್ದನೂ ಏಳು. ಯಾರು ಓಗಿ ನೋಡ್ಬಂದವ್ರೆ?” ಎಂದಿದ್ದ. ಅದೇನೋ ನಿಜವೇ. ಥೇಣಿ, ದಿಂಡಿಗಲ್ಲು ಕಡೆಯ ಎಂಟು ಮಂದಿ ಬಾಳೆಗಾರರು ಈಕ್ವೆಡಾರ್ ದೇಶದ ಗ್ವಾಯಾಕಿಲ್ ನಗರಕ್ಕೆ, ಭೂಲೋಕಕ್ಕೆಲ್ಲ ಬಾಳೆಹಣ್ಣು ಕಳಿಸುವ ಆ ಬಂದರಿಗೆ, ತೋಟ ನೋಡಿ ಕಲಿತು ಬರಲೆಂದು ಹೋಗಿದ್ದರು. ಉಳಿದ ಏಳು ಮಂದಿ ಬೇರೆ ಬೇರೆ ಜಾತಿ, ಬೇರೆ ಬೇರೆ ಊರು. ಅವರಲ್ಲಿ ಒಡ್ಡನ್‌ಛತ್ರದ ಮಾರಿಮುತ್ತು ಒಬ್ಬ ಮಾತ್ರ ಈಗಲೂ ಫೋನ್ ಮಾಡಿ, ಷೂ ಒಣಗಿತಾ ಎಂದು ಕೇಳಿ ಗಹಗಹಿಸುತ್ತಾನೆ. ಅದೃಷ್ಟಕ್ಕೆ ಮಾರಿಮುತ್ತುವಿಗೆ ತರಕಾರಿ ಮಾರ್ಕೆಟ್ ಬಿಟ್ಟು ಕಂಬಂನ ಭಾಷಣಕ್ಕೆ ಬರಲು ಪುರುಸೊತ್ತಿಲ್ಲ.

ದೊಡ್ಡ ನಗರವೊಂದು ಹೊಸದಾಗಿ ಬಂದವನಿಗೆ ಮೊದಲು ಏನು ತೋರಿಸುತ್ತದೆ? ಹೋಗಿ ಬಂದವರು ಕಟ್ಟಡ ಎನ್ನುತ್ತಾರೆ, ನದಿ ಎನ್ನುತ್ತಾರೆ, ಗಂಡಸರಾದರೆ ದನಿ ತಗ್ಗಿಸಿ ಹೆಂಗಸರು ಎನ್ನುತ್ತಾರೆ. ಗ್ವಾಯಾಕಿಲ್ ಮುತ್ತುಕುಮಾರ್‌ಗೆ ತೋರಿಸಿದ್ದು ಒಂದು ಒದ್ದೆ ಚಾಪೆ. ವಿಮಾನದಿಂದ ಇಳಿದವರೆಲ್ಲ ಆಸ್ಪತ್ರೆಯ ವಾಸನೆಯ ನೀರಿನಲ್ಲಿ ನೆನೆಸಿದ ಆ ಚಾಪೆ ತುಳಿದುಕೊಂಡೇ ಒಳಗೆ ಹೋಗಬೇಕು. ಚಾಪೆ ದಾಟಿದರೆ ನಾಯಿ. ಹಳದಿ ಬಣ್ಣದ, ಚೆನ್ನಾಗಿ ಸ್ನಾನ ಮಾಡಿಸಿದ ನಾಯಿ ಸಾಲಿನಲ್ಲಿದ್ದ ನೂರಿನ್ನೂರು ಜನರನ್ನು ಮೂಸಿ, ಮುತ್ತುಕುಮಾರ್ ಎದುರು ಬಂದು ಬಹಳ ವಿನಯದಿಂದ ಕೂತುಕೊಂಡಿತು. ಅವನು ಅದನ್ನು ಸ್ವಾಗತವೆಂದುಕೊಂಡ. ಬಗ್ಗಿ ತಲೆ ಸವರಲು ಹೋದ. ಕೂರುವುದೇ ಅದರ ಬೊಗಳುವಿಕೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

“ಕುಮಾರಾ, ಬೂಟ್ಸು ಆಕಿ ಆಕಿ ಬಿಚ್ತಾ ಕುಂತಿದ್ದೀಯಲ್ಲ, ಟೈಮಾಗ್ತೈತೆ ಸಾಮಿ,” ಎಂದಳು ತಾಯಿ ಮುತ್ತಮ್ಮಾಳ್. ಎಪ್ಪತ್ತೆಂಟರ ಮುದುಕಿ ಪೆಟ್ಟಿಗೆಯ ತಳದಿಂದ ಸುಂಗುಡಿ ಸೀರೆ ತೆಗೆದು ಉಟ್ಟು, ಮೊಮ್ಮಗಳ ಕೈಲಿ ಜಡೆ ಹಾಕಿಸಿಕೊಂಡು, ಏಳು ಗಂಟೆಗೇ ತಯಾರಾಗಿದ್ದಳು. ಮಡಿಲಲ್ಲಿ ಮಗನ ಜೊತೆ ಗ್ವಾಯಾಕಿಲ್‌ನಿಂದ ಬಂದ ಆ ಕಾಗದ. ಲ್ಯಾಮಿನೇಷನ್ ಮಾಡಿಸಿದ್ದಳು, ತಾನೇ ಬಸ್‌ಸ್ಟ್ಯಾಂಡ್ ಹತ್ತಿರದ ಜೆರಾಕ್ಸ್ ಅಂಗಡಿಗೆ ನಡೆದು ಹೋಗಿ. ಮೂರು ವಾರದಿಂದ ಬೀದಿಯಲ್ಲಿ ಅದನ್ನು ನೋಡದವರು ಉಳಿದಿಲ್ಲ. ಹೂ ಮಾರುವ ಕರುಪ್ಪಾಯಿ ಕೈ ಒರೆಸಿಕೊಂಡು ಮುಟ್ಟಿ ನೋಡಿದ್ದಾಳೆ. ಯಾರಿಗೂ ಓದಲು ಬಾರದ ಭಾಷೆಯಲ್ಲಿರುವ ಆ ಹಾಳೆಯ ನಡುವೆ, ಇಂಗ್ಲಿಷ್ ಅಕ್ಷರ ಕಲಿತ ಯಾವ ಮಗುವಿಗೂ ಓದಲು ಬರುವಂತೆ, ಒಂದೇ ಒಂದು ಪದ ಟೈಪಾಗಿದೆ: ಮುತ್ತಮ್ಮಾಳ್.

“ಅವ್ವಾ, ಅದ ಎನ್ನ ಕೈಲಿ ಕೊಡು, ನಾನೇ ಮಡಿಕ್ಕಂತೀನಿ.”

“ಯಾಕೆ? ಎನ್ನ ಎಸ್ರಿನ ಕಾಗ್ದ ಎನ್ನ ತಾವೇ ಇರ್ಲಿ.”

ಅವನು ರಾತ್ರಿಯೆಲ್ಲ ಹೊಸೆದಿದ್ದ ಉಪಾಯ ಅದೊಂದೇ. ಕಾಗದ ಕೈಗೆ ಸಿಕ್ಕರೆ ಶೆಡ್ಡಿನಲ್ಲಿ ಮರೆತು ಬರುವುದು, ಮರೆತದ್ದಕ್ಕೆ ಎಲ್ಲರೆದುರು ಹಣೆ ಚಚ್ಚಿಕೊಳ್ಳುವುದು. ಹದಿನೆಂಟು ಎಕರೆಯ ಯಜಮಾನ ತಾಯಿಯ ಮಡಿಲಿನಿಂದ ಒಂದು ಹಾಳೆ ಕದಿಯಲಾರದೆ ನಿಂತ. ಅಷ್ಟರಲ್ಲಿ ಮಗಳು ಅಭಿರಾಮಿ ಲ್ಯಾಪ್‌ಟಾಪ್ ಚೀಲ ಹೆಗಲಿಗೇರಿಸಿಕೊಂಡು ಬಂದಳು. ಮಧುರೈಯಲ್ಲಿ ಕೃಷಿ ಪದವಿಯ ಕೊನೆಯ ವರ್ಷ. ಮನೆಮಾತು ಅವಳಿಗೆ ಪೂರ್ತಿ ಅರ್ಥವಾಗುತ್ತದೆ, ನಾಲಿಗೆಗೆ ಬರುವುದು ಕಡಿಮೆ. ಅಜ್ಜಿಯನ್ನು ಅವಳು ಈ ಕಡೆಯ ತಮಿಳರ ಹಾಗೆ ಅಪ್ಪತ್ತಾ ಎನ್ನುತ್ತಾಳೆ. “ಕುಡು ಅಪ್ಪತ್ತಾ, ನಾನ್ ಪಾತ್ತುಕ್ಕಿರೇನ್,” ಎಂದು ಕೈಚಾಚಿದಳು. ತಾನು ನೋಡಿಕೊಳ್ಳುತ್ತೇನೆ ಎಂದು. ಮುದುಕಿ ಮರುಮಾತಿಲ್ಲದೆ ಕೊಟ್ಟುಬಿಟ್ಟಳು. ಅಭಿರಾಮಿ ಅದನ್ನು ಚೀಲಕ್ಕೆ ಸೇರಿಸಿ, ತಂದೆಯ ಮುಖ ನೋಡದೆ ಕಾರಿನ ಕಡೆ ಹೋದಳು. ಮೂರು ದಿನದಿಂದ ಅವಳು ಅವನ ಮುಖ ನೋಡುತ್ತಿಲ್ಲ ಎಂದು ಅವನಿಗೆ ಅನ್ನಿಸಿತ್ತು. ಕಾಲೇಜು ಹುಡುಗಿಯರು ಅಪ್ಪಂದಿರ ಮುಖ ಎಲ್ಲಿ ನೋಡುತ್ತಾರೆ ಎಂದು ತನಗೆ ತಾನೇ ಸಮಾಧಾನವನ್ನೂ ಹೇಳಿಕೊಂಡಿದ್ದ.

ಕಾಗದ ಹೊರಗೆ ಬಂದದ್ದೂ ಅವಳಿಂದಲೇ. ಭಾಷಣಕ್ಕೆ ಸ್ಲೈಡು ಮಾಡುತ್ತೇನೆಂದು ಅವನ ಬ್ಯಾಗನ್ನು ಸುರಿದು, ಬೋರ್ಡಿಂಗ್ ಪಾಸು, ಹೋಟೆಲಿನ ಸೋಪು, ಎಲ್ಲ ಜೋಡಿಸುವಾಗ ಪಕ್ಕದ ಜೇಬಿನಲ್ಲಿ ನಾಲ್ಕಾಗಿ ಮಡಿಚಿದ್ದು ಸಿಕ್ಕಿ, ಅಪ್ಪತ್ತಾ ಹೆಸರು ಎಂದು ಕೂಗಿದ್ದಳು. ಮುದುಕಿ ಸೊಪ್ಪು ಬಿಡಿಸುತ್ತಿದ್ದದ್ದನ್ನು ಬಿಟ್ಟು ಬಂದು, ಎನ್ನ ಎಸ್ರು ಅಲ್ಲಿಗೆಂಗೋಯ್ತು ಎಂದು ಕೇಳಿದ್ದಳು. ಆ ಒಂದು ಗಳಿಗೆಯಲ್ಲಿ ನಿಜ ಹೇಳಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಅವನು ಹೇಳಿದ್ದು ಬೇರೆ: “ನೀ ಕೊಟ್ಟ ಬೂದಿನ ಅಲ್ಲೀ ಸರ್ಕಾರ್ದವ್ರು ಮರ್ಯಾದೆಯಾಗಿ ಮಡಿಕ್ಕಂಡ್ರವ್ವಾ. ಯಾರು ಕೊಟ್ಟದ್ದು ಅಂತ ಕೇಳಿ, ನಿನ್ನ ಎಸ್ರಿಗೇ ರಸೀತಿ ಕೊಟ್ರು.” ಎಷ್ಟು ಸಲೀಸಾಗಿ ಬಂತು. ಅದನ್ನು ಕೇಳಿ ಮುತ್ತಮ್ಮಾಳ್ ಅವನನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡಿ, ಆಮೇಲೆ, ಅಂಗಾದ್ರೆ ಇದಕ್ಕೆ ಪ್ಲಾಸ್ಟಿಕ್ಕು ಆಕಿಸ್ಬೇಕು ಎಂದಿದ್ದಳು.

ಬೂದಿ ಎಂದರೆ ತಂಬಿರಾನ್ ಎತ್ತುಗಳ ತೊಳುವಿನ ಬೂದಿ. ತೊಳು ಅಂದರೆ ದೊಡ್ಡಿ. ಆ ದೊಡ್ಡಿಯ ಎತ್ತುಗಳಿಗೆ ಯಾರೂ ನೊಗ ಹೂಡುವುದಿಲ್ಲ, ಅವು ಕುಲದ ದೇವರು. ಅವುಗಳ ಸಗಣಿ ಸುಟ್ಟು, ಜರಡಿ ಹಿಡಿದು, ತೊಳು ನೋಡಿಕೊಳ್ಳುವ ಪಿಚ್ಚೈ ಕೊಡುವ ಬೂದಿಯನ್ನು ಮುತ್ತಮ್ಮಾಳ್ ಕುಡಿಕೆಯಲ್ಲಿ ಕಾಪಾಡುತ್ತಾಳೆ. ಪ್ರಯಾಣ ಹೊರಡುವವರು ಮುಂಜಾನೆ ಬರಿಗಾಲಲ್ಲಿ ತೊಳುವಿನೊಳಗೆ ನಿಂತು ಬರಬೇಕು. ಬಂದ ಮೇಲೆ ಕಾಲು ತೊಳೆಯಕೂಡದು. ಅಲ್ಲಿಯ ದೂಳು ತಾನಾಗಿ ಉದುರಬೇಕು, ಅದು ಅವರ ಮನೆತನದ ಕಟ್ಟು. ಹಿಂದಿನವರು ನಡೆದೇ ಹೋಗುತ್ತಿದ್ದವರು, ಆಂಡಿಪಟ್ಟಿ ದಾಟುವುದರೊಳಗೆ ಉದುರುತ್ತಿತ್ತು. ಮುತ್ತುಕುಮಾರ್ ಅದರ ಮೇಲೆ ಹೊಸ ಕಾಲುಚೀಲ ಎಳೆದು, ಹೊಸ ಷೂ ಹಾಕಿ, ಲೇಸು ಬಿಗಿದುಕೊಂಡ. ತೊಳುವಿನ ದೂಳು ಮಧುರೈ, ಚೆನ್ನೈ, ದೋಹಾ, ಮ್ಯಾಡ್ರಿಡ್ ದಾಟಿ, ಅರ್ಧ ಭೂಮಿ ಸುತ್ತಿ, ಒಂದು ಕಣವೂ ಉದುರದೆ ಗ್ವಾಯಾಕಿಲ್ ತಲುಪಿತು.

ಅವನಿಗೆ ಗೊತ್ತಿರಲಿಲ್ಲವೆಂದು ಹೇಳುವ ಹಾಗೂ ಇಲ್ಲ. ಬಾಳೆಯ ಬುಡಕ್ಕೆ ಮಣ್ಣಿನಿಂದ ಏರುವ ಸೊರಗು ರೋಗ ಒಮ್ಮೆ ನೆಲಕ್ಕೆ ಬಂತೆಂದರೆ ಆ ನೆಲದಲ್ಲಿ ಒಂದು ತಲೆಮಾರು ಬಾಳೆ ಮರೆತುಬಿಡಬೇಕು. ಬಾಳೆ ತಿಂದು ಬಾಳೆ ಮಾರಿ ಬದುಕುವ ಆ ದೇಶ ಹೊರಗಿನ ಒಂದು ಚಿಟಿಕೆ ಮಣ್ಣಿಗೆ ನಡುಗುತ್ತದೆ. ಇದರ ಬಗ್ಗೆ ಒಂದು ಬಣ್ಣದ ಚಾರ್ಟು ಅವನ ಶೆಡ್ಡಿನ ಗೋಡೆಯ ಮೇಲೇ ಇತ್ತು, ಅವನೇ ಮೊಳೆ ಹೊಡೆದದ್ದು. ವಿಮಾನದಲ್ಲಿ ಕೊಟ್ಟ ಫಾರಂನಲ್ಲಿ, ಮಣ್ಣು, ಬೀಜ, ಸಗಣಿ ಮುಂತಾದ ಏನನ್ನಾದರೂ ತಂದಿದ್ದೀರಾ ಎಂದಿದ್ದ ಕಡೆ ಇಲ್ಲ ಎಂದು ಗುರುತು ಹಾಕಿದವನೂ ಅವನೇ. ಸಗಣಿಯೆಂದರೆ ಅವನ ಮನಸ್ಸಿಗೆ ಹಸುವಿನದು ಬಂತು. ತಂಬಿರಾನ್ ಎತ್ತಿನದು ಬರಲಿಲ್ಲ. ದೇವರನ್ನು ಯಾವ ಫಾರಂನವರು ಸಗಣಿಯ ಪಟ್ಟಿಗೆ ಸೇರಿಸುತ್ತಾರೆ?

ಮಂಟಪದ ಬಾಗಿಲಲ್ಲಿ ಬಾಲಮುರುಗನ್ ಕೈಮುಗಿದು, ಪನ್ನೀರು ಚಿಮುಕಿಸಿದ. ಪನ್ನೀರಿನ ಹನಿ ಬಿದ್ದದ್ದು ಮುಖದ ಮೇಲೆ, ಮುತ್ತುಕುಮಾರ್ ಬೆಚ್ಚಿ ನೋಡಿದ್ದು ಕಾಲಿನ ಕಡೆ. ಅಂದು ಗ್ವಾಯಾಕಿಲ್ ವಿಮಾನ ನಿಲ್ದಾಣದಲ್ಲಿ ಕೈಗವಸು ತೊಟ್ಟ ಹುಡುಗಿ, ಅಭಿರಾಮಿಗಿಂತ ನಾಲ್ಕೈದು ವರ್ಷ ದೊಡ್ಡವಳು, ಬಿಳಿ ಗೋಡೆಯ ಕೋಣೆಯಲ್ಲಿ ಅವನನ್ನು ಪ್ಲಾಸ್ಟಿಕ್ ಟ್ರೇನಲ್ಲಿ ನಿಲ್ಲಿಸಿ ಬಾಟಲಿಯಿಂದ ಕಾಲಿಗೆ ಔಷಧದ ನೀರು ಚಿಮುಕಿಸುತ್ತಿದ್ದಳು. ಮದುವೆಯ ದಿನ ಮಾವನ ಮನೆಯವರು ಹಿತ್ತಾಳೆ ತಾಂಬಾಳದಲ್ಲಿ ನಿಲ್ಲಿಸಿ ಕಾಲು ತೊಳೆದಿದ್ದರು, ಆಮೇಲೆ ಯಾರೂ ಅಷ್ಟು ಶ್ರದ್ಧೆಯಿಂದ ತೊಳೆದದ್ದಿಲ್ಲ. ಬೆರಳ ಸಂದಿ ಸಂದಿಗೂ ಹಾಕಿ, ಬ್ರಷ್ಷಿನಿಂದ ಉಜ್ಜಿ, ಕಂಬಂನ ದೂಳನ್ನು ಒಂದು ಚೀಲಕ್ಕೆ ತುಂಬಿ ಮುದ್ರೆ ಹಾಕಿದಳು. ಕಾಲುಚೀಲ ಇನ್ನೊಂದು ಚೀಲಕ್ಕೆ. ಅವಳು ಸಿಟ್ಟಾಗಲಿಲ್ಲ, ಗದರಲಿಲ್ಲ. ಗದರಿದ್ದರೆ ವಾಸಿಯಿತ್ತು, ಗದರಿದವರನ್ನು ಮನಸ್ಸಿನಲ್ಲೇ ಬೈದುಕೊಂಡು ಒಂದಷ್ಟು ಮಾನ ಉಳಿಸಿಕೊಳ್ಳಬಹುದು. ಮರ್ಯಾದೆಯಿಂದ ಕಾಲು ತೊಳೆಯುವವರನ್ನು ಏನೆಂದು ಬೈಯುವುದು?

ಆಮೇಲೆ ಕನ್ನಡಕದ ಡಬ್ಬಿ ತೆರೆದಳು. ಕನ್ನಡಕದ ಕೆಳಗೆ ಅರಿಶಿನ ಬಟ್ಟೆಯ ಪುಟ್ಟ ಗಂಟು. ಅದನ್ನು ಕತ್ತರಿಸಿ ಬೂದಿ ಮೂಸಿ ನೋಡಿ, ತನ್ನ ಫೋನಿಗೆ ಅವಳ ಭಾಷೆಯಲ್ಲಿ ಏನೋ ಹೇಳಿದಳು. ಫೋನು ಹಿಂದಿಯಲ್ಲಿ ಮಾತಾಡಿತು. ಭಾರತದವನಲ್ಲವೆ, ಹಿಂದಿ ಬರಲೇಬೇಕು. ಇಷ್ಟು ವರ್ಷ ದೆಹಲಿಯವರಿಂದ ತಪ್ಪಿಸಿಕೊಂಡು ಬಂದ ಭಾಷೆ ಭೂಮಿಯ ಆ ತುದಿಯಲ್ಲಿ ಬರಿಗಾಲಲ್ಲಿ ನಿಂತಿದ್ದಾಗ ಹಿಡಿದುಕೊಂಡಿತು. ಅವನು ಬರುವುದಿಲ್ಲವೆಂದು ತಲೆಯಾಡಿಸಿದ ಮೇಲೆ ಇಂಗ್ಲಿಷಿಗೆ ತಿರುಗಿಸಿದಳು. ಇದು ಯಾರದು? ಒಂದೇ ಪ್ರಶ್ನೆ. ನನ್ನದು ಎಂದಿದ್ದರೆ ಏನಾಗುತ್ತಿತ್ತೋ ಈಗಲೂ ಗೊತ್ತಿಲ್ಲ. ಬಹುಶಃ ಏನೂ ಆಗುತ್ತಿರಲಿಲ್ಲ. ಹೊರಡುವ ದಿನ ನಸುಕಿನಲ್ಲಿ ತಾಯಿಯನ್ನು ಎಬ್ಬಿಸಿ, ಅವ್ವಾ ಬೂದಿ ಕಟ್ಟಿಕೊಡು ಎಂದು ಕೇಳಿದ್ದು ಅವನೇ. ಇಪ್ಪತ್ತೈದು ತಾಸು ಆಕಾಶದಲ್ಲಿರಬೇಕೆಂಬ ಭಯ. ಅಷ್ಟು ದೂರದವ್ರು ಇದನ್ನೆಲ್ಲ ಬುಡ್ತಾರಾ ಎಂದು ಅವಳೇ ಅನುಮಾನಿಸಿದ್ದಳು. ಬುಡ್ತಾರೆ ಕೊಡವ್ವಾ ಎಂದು ಎರಡನೆಯ ಸಲವೂ ಕೇಳಿ, ಇಸಿದುಕೊಂಡು, ಕನ್ನಡಕದ ಡಬ್ಬಿಗೆ ತಾನೇ ಇಟ್ಟುಕೊಂಡಿದ್ದ.

“ಮದರ್,” ಎಂದ ಮುತ್ತುಕುಮಾರ್. “ಮೈ ಮದರ್. ವಿಲೇಜ್ ವುಮನ್. ನೋ ಎಜುಕೇಷನ್. ಷಿ ಪುಟ್. ಐ ನಾಟ್ ನೋ.”

ಫೋನು ಅದನ್ನು ಒಂದು ಹೆಂಗಸಿನ ಇಂಪಾದ ದನಿಯಲ್ಲಿ ಅವರ ಭಾಷೆಗೆ ತಿರುಗಿಸಿತು. ಹುಡುಗಿ ಅವನನ್ನು ಒಂದು ಗಳಿಗೆ ನೋಡಿದಳು. ತಾಯಿಯ ಹೆಸರೇನು ಎಂದಳು. ಅವನು ಒಂದೊಂದೇ ಅಕ್ಷರ ಬಿಡಿಸಿ ಹೇಳಿದ, ಬೇಗ ಬೇಗ, ಎಲ್ಲಿ ಮನಸ್ಸು ಬದಲಾಯಿಸಿಬಿಡುತ್ತಾಳೋ ಎಂಬಂತೆ. ಹೇಳುವಾಗ ಎದೆಯಲ್ಲಿ ಏನೋ ಹಗುರವಾಯಿತು. ಆ ಹಗುರವನ್ನೇ ಅವನು ಈಗ ನೆನೆಯಲಾರ. ಕಾಗದ ಮುದ್ರಣವಾಗಿ ಬಂತು, ಕೆಳಗೆ ಸಹಿ ಹಾಕಿದ. ಬೂದಿ ಕೆಂಪು ಡಬ್ಬಕ್ಕೆ ಹೋಯಿತು. ಊರೊಳಗೆ ಎಲ್ಲಿ ಬೇಕಾದರೂ ತಿರುಗಬಹುದು, ಬಾಳೆ ತೋಟಗಳ ಗೇಟು ಮಾತ್ರ ದಾಟುವಂತಿಲ್ಲ ಎಂದು ಫೋನು ವಿನಯವಾಗಿ ಹೇಳಿತು. ತೊಳೆದ ಷೂ ಒದ್ದೆಯಿತ್ತು. ಅದನ್ನು ಕೈಯಲ್ಲಿ ಹಿಡಿದು, ಕಾಗದದ ಚಪ್ಪಲಿಯಲ್ಲಿ, ಮುತ್ತುಕುಮಾರ್ ದಕ್ಷಿಣ ಅಮೆರಿಕದ ಮಣ್ಣಿಗೆ ಕಾಲಿಟ್ಟ. ಅಲ್ಲಿ ಮಣ್ಣಿರಲಿಲ್ಲ, ಸಿಮೆಂಟಿತ್ತು.

ಪ್ರಾರ್ಥನೆ ಆಯಿತು, ಸ್ವಾಗತವಾಯಿತು. ಇನ್ನೂರು ಕುರ್ಚಿಯೂ ತುಂಬಿದ್ದವು. ಊಟದ ವಾಸನೆ ಆಗಲೇ ಹಿಂಬಾಗಿಲಿನಿಂದ ಬರುತ್ತಿತ್ತು. ಮುಂದಿನ ಸಾಲಿನ ನಡುವೆ ಮುತ್ತಮ್ಮಾಳ್ ಕಾಲು ಮೇಲೆ ಸೇರಿಸಿಕೊಂಡು ಕೂತಿದ್ದಳು. ಅಭಿರಾಮಿ ಲ್ಯಾಪ್‌ಟಾಪ್ ಮುಂದೆ. ಮುತ್ತುಕುಮಾರ್ ಮೈಕಿನೆದುರು ನಿಂತು ನಾಲ್ಕು ಹಾಳೆ ತಮಿಳಿನಲ್ಲಿ ಓದಿದ. ಕೊಡೈಕಾನಲ್ಲಿನ ಕೆರೆಯನ್ನೇ ದೊಡ್ಡದೆಂದುಕೊಂಡವರು ಗ್ವಾಯಾಸ್ ನದಿ ನೋಡಬೇಕು, ಚಹಾದ ಬಣ್ಣ, ಸಮುದ್ರ ಉಬ್ಬಿದಾಗ ನೀರು ಹಿಂದಕ್ಕೆ ಹರಿಯುತ್ತದೆ, ಅದರ ಮೇಲೆ ತೇಲುವ ಅಂತರಗಂಗೆಯ ದೋಣಿಯಷ್ಟು ದೊಡ್ಡ ತುಂಡುಗಳು ಬೆಳಿಗ್ಗೆ ಸಮುದ್ರಕ್ಕೆ ಹೋಗಿ ಸಂಜೆ ವಾಪಸು ಬರುತ್ತವೆ ಎಂದ. ದೊಡ್ಡ ಚರ್ಚಿನ ಮುಂದಿನ ಉದ್ಯಾನದಲ್ಲಿ ಇಗುವಾನಾ ಎಂಬ ಮೊಳಕ್ಕಿಂತ ಉದ್ದದ ಓತಿಗಳಿವೆ, ಕೇಳುವವರಿಲ್ಲ, ಮನುಷ್ಯರ ಕಾಲ ಮೇಲೇ ಹರಿದಾಡುತ್ತವೆ ಎಂದ. ಬೆಟ್ಟದ ಮೇಲೆ ಬಣ್ಣ ಬಣ್ಣದ ಮನೆಗಳು. ಎಲ್ಲ ನಿಜ. ಉಳಿದ ಏಳು ಮಂದಿ ಐದು ದಿನ ತೋಟ ತೋಟ ಸುತ್ತುವಾಗ ಅವನು ಆ ಉದ್ಯಾನದ ಬೆಂಚಿನ ಮೇಲೆ ಕೂತು, ಓತಿಗಳ ಸಂಸಾರದ ಬಗ್ಗೆ ಕಂಬಂ ತಾಲ್ಲೂಕಿನಲ್ಲಿ ಯಾರಿಗೂ ಇಲ್ಲದ ಜ್ಞಾನ ಸಂಪಾದಿಸಿದ್ದ. ಹೋಟೆಲಿನಲ್ಲಿ ಮೂರು ಹೊತ್ತೂ ಬಾಳೆಕಾಯಿ, ಗುದ್ದಿ ಕರಿದದ್ದು, ಕರಿದು ಗುದ್ದಿದ್ದು, ಉಂಡೆ ಕಟ್ಟಿದ್ದು. ಬಾಳೆಯ ರಾಜಧಾನಿಗೆ ಹೋಗಿ ಬಾಳೆಯನ್ನು ತಟ್ಟೆಯಲ್ಲಿ ಮಾತ್ರ ನೋಡಿ ಬಂದ ಬಾಳೆಗಾರ ಅವನೊಬ್ಬನೇ ಇರಬೇಕು.

ನಾಲ್ಕನೆಯ ಹಾಳೆ ಮುಗಿಯಿತು. ಚಪ್ಪಾಳೆ ಬೀಳುವ ಮುಂಚಿನ ಒಂದು ಬಿಡುವಿನಲ್ಲಿ ತಾಯಿ ಅವನನ್ನೇ ನೋಡುತ್ತಿದ್ದಳು, ಮಾತು ಇನ್ನೂ ಮುಗಿದಿಲ್ಲವೆಂಬಂತೆ. ಈಗ ಹೇಳಿಬಿಡುತ್ತೇನೆ, ಕಾಗದ ಹೊರಗೆ ಬರುವ ಮೊದಲು ನಾನೇ ಹೇಳಿಬಿಡುತ್ತೇನೆ ಎಂದುಕೊಂಡು ಮುತ್ತುಕುಮಾರ್ ಹಾಳೆ ಮಡಿಚಿ, “ನಾನು ಆ ಊರಿನಲ್ಲಿ ಮೊದಲು ನೋಡಿದ್ದು ಇದ್ಯಾವುದೂ ಅಲ್ಲ. ಮೊದಲು ನೋಡಿದ್ದು ನನ್ನ ಬರಿಗಾಲು,” ಎಂದ. “ನನ್ನ ಕಾಲಿನ ಕೊಳೆ ನೋಡಿದೆ.”

ಬಾಲಮುರುಗನ್ ಎದ್ದು ನಿಂತು ಚಪ್ಪಾಳೆ ತಟ್ಟಿದ, ಇಡೀ ಮಂಟಪ ತಟ್ಟಿತು. ಎಂಥ ದೊಡ್ಡ ಮಾತು, ಎಲ್ಲಿಗೆ ಹೋದರೂ ನಮ್ಮ ಕಾಲು ನಾವು ನೋಡಿಕೊಳ್ಳಬೇಕು ಎಂದು ಅಣ್ಣ ಎಷ್ಟು ತತ್ವವಾಗಿ ಹೇಳಿದರು ಎಂದು ಬಾಲಮುರುಗನ್ ಮೈಕ್ ಕಿತ್ತುಕೊಂಡು ವಿವರಿಸಿದ. ಎರಡನೆಯ ಸಾಲಿನಲ್ಲಿ ಒಬ್ಬರು ಕಣ್ಣೊರೆಸಿಕೊಂಡರು. ಬಾಯಿಬಿಟ್ಟು ನಿಜ ಹೇಳಹೊರಟವನಿಗೆ ಊರು ಸನ್ಯಾಸಿಯ ಪಟ್ಟ ಕಟ್ಟಿತು. ಇನ್ನೊಂದು ವಾಕ್ಯ ಹೇಳಿದರೆ ಸಾಕಿತ್ತು. ಅವನು ಮಾಡಿದ್ದು ಕೈಮುಗಿಯುವುದು.

“ಈಗ ನಮ್ಮ ಪೆರಿಯಮ್ಮನ ಕಾಗದ!” ಎಂದು ಕೂಗಿದ ಬಾಲಮುರುಗನ್. ಆ ದೇಶದ ಸರ್ಕಾರಿ ಕಡತದಲ್ಲಿ ಹೆಸರು ಬರೆಸಿಕೊಂಡ ಮೊದಲ ಹೆಣ್ಣುಮಗಳು, ಹಾಕು ಶಾಲು. ಮುತ್ತಮ್ಮಾಳ್ ವೇದಿಕೆ ಹತ್ತಿದಳು. ಪರದೆಯ ಮೇಲೆ ಕಾಗದ ಗೋಡೆಯಷ್ಟು ದೊಡ್ಡದಾಗಿ ಮೂಡಿತು. ಅದರಲ್ಲಿ ಏನು ಬರೆದಿದೆ ಎಂದು ಪಾಪ್ಪಾ ಫೋನಿನಲ್ಲೇ ತಿರುಗಿಸಿ ಓದಲಿ ಎಂದು ಬಾಲಮುರುಗನ್ ಅಭಿರಾಮಿಯ ಕೈಗೆ ಮೈಕ್ ಕೊಟ್ಟ.

ಅವಳು ಫೋನನ್ನು ಕಾಗದದ ಮೇಲೆ ಹಿಡಿದಳು. ಓದುವುದಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಹಿಡಿದಳು. ಆಮೇಲೆ ತಲೆಯೆತ್ತಿ, ಮೂರು ದಿನದಲ್ಲಿ ಮೊದಲ ಸಲ, ತಂದೆಯ ಮುಖ ನೋಡಿದಳು. ಮುತ್ತುಕುಮಾರ್‌ನ ಕಾಲ ಬೆರಳುಗಳು ಷೂ ಒಳಗೆ ಮುದುರಿಕೊಂಡವು.

“ಕಂಬಂ ಊರಿನ ಮುತ್ತಮ್ಮಾಳ್ ಎಂಬ ತಾಯಿ,” ಎಂದು ಅವಳು ಶುದ್ಧ ತಮಿಳಿನಲ್ಲಿ, ತಡವರಿಸದೆ ಓದಿದಳು, “ದೂರ ಪ್ರಯಾಣ ಹೊರಟ ಮಗನ ಕಾವಲಿಗೆಂದು ಕೊಟ್ಟ ಪವಿತ್ರ ಭಸ್ಮ. ಇದನ್ನು ನಮ್ಮ ದೇಶ ಪಡೆದುಕೊಂಡಿದೆ.” ಹೆಸರು ಬಿಟ್ಟರೆ ಅಷ್ಟರಲ್ಲಿ ಕಾಗದದಲ್ಲಿ ನಿಜವಾಗಿ ಇದ್ದದ್ದು ಪಡೆದುಕೊಂಡಿದೆ ಎಂಬ ಮಾತೊಂದೇ. ಮಂಟಪ ಗುಡುಗಿತು. ಮುದುಕಿಯ ಹೆಗಲಿಗೆ ಜರಿ ಶಾಲು ಬಿತ್ತು. ವೇದಿಕೆ ಇಳಿಯುವಾಗ ಅಭಿರಾಮಿ ಅವನ ಪಕ್ಕದಲ್ಲಿ ಹಾದು, ಎಂದೂ ಆಡದ ಮನೆಮಾತಿನಲ್ಲಿ, ಮೆಲ್ಲಗೆ, “ನಾ ಮೂರು ದಿನ ಮುಂಚೇನೇ ಓದ್ದೆ ಅಪ್ಪಾ,” ಎಂದಳು. ಅವನಿಗೆ ಊಟ ಇಳಿಯಲಿಲ್ಲ. ಪಾಯಸವನ್ನು ಮಾತ್ರ ಎರಡು ಸಲ ಬಡಿಸಿದರು, ಸಾಧಕನಲ್ಲವೆ.

ಊಟವಾದ ಮೇಲೆ, ಮನೆಗಲ್ಲ, ತೊಳುವಿಗೆ ಬುಡು ಎಂದಳು ಮುತ್ತಮ್ಮಾಳ್. ಮಧ್ಯಾಹ್ನದ ಬಿಸಿಲಿಗೆ ಎತ್ತುಗಳು ನೆರಳು ಹಿಡಿದು ಮಲಗಿದ್ದವು. ಪಿಚ್ಚೈ ಒಳಗೆಲ್ಲೋ ಮೇವು ಹಾಕುತ್ತಿದ್ದ. ಅಭಿರಾಮಿ ಕಾರಿನಲ್ಲೇ ಉಳಿದಳು. ತಾಯಿ ಮಗ ಬಾಗಿಲ ಪಕ್ಕದ ಕಲ್ಲಿನ ಮೇಲೆ ಕೂತರು. ಅವನು ಷೂ ಬಿಚ್ಚಿ ದೂರಕ್ಕಿಟ್ಟ. ಮುದುಕಿ ಕಾಗದವನ್ನು ಮೊಮ್ಮಗಳಿಂದ ವಾಪಸು ಇಸಿದುಕೊಂಡಿದ್ದಳು. ಅದರ ಪ್ಲಾಸ್ಟಿಕ್ಕಿಗೆ ಬಿಸಿಲು ಬಡಿದು ಕಣ್ಣಿಗೆ ಚುಚ್ಚುತ್ತಿತ್ತು.

“ಇದ್ರಾಗೆ ನಿಜ್ವಾಗಿ ಏನು ಬರ್ದೈತೆ ಕುಮಾರಾ?”

“ಅಬಿ ಓದ್ಲಲ್ಲವ್ವಾ.”

“ಅವ್ಳು ಎಣ್ಣು ಮಗು. ಅಪ್ಪನ್ನ ಬುಟ್ಕೊಡ್ಲಿಲ್ಲ. ನಾ ಕೇಳ್ತಿರಾದು ನಿನ್ನ.”

ಅವನು ಎತ್ತುಗಳ ಕಡೆ ನೋಡಿದ. ಅವು ಮೆಲುಕು ಹಾಕುತ್ತಿದ್ದವು. ಮುತ್ತಮ್ಮಾಳ್ ಶಾಲನ್ನು ಹೆಗಲಿಂದ ತೆಗೆದು ಮಡಿಲಲ್ಲಿಟ್ಟುಕೊಂಡಳು.

“ಸರ್ಕಾರ್ದವ್ರು ಎಂದಾರ ಒಳ್ಳೇದಕ್ಕೆ ಎಸ್ರು ಬರ್ಕಂಡವ್ರಾ? ಎನ್ನ ಕಲ್ಯಾಣ ಆದ ವರ್ಸ. ನಿಮ್ಮಪ್ಪ, ನಾನು ಮಲೆಗೆ ಉಲ್ಲಿಗೆ ಓಗಿದ್ದೋ. ಪಾರೆಸ್ಟುಕಾರ ಇಡ್ಕಂಡ. ಕೊಯ್ದೋರು ಯಾರು ಅಂದ. ಕೊಯ್ದೋರು ನಿಮ್ಮಪ್ಪ. ಎನ್ನ ಎಸ್ರು ಏಳಿದ್ರು. ಎಂಗ್ಸು ಎಸ್ರಾದ್ರೆ ಬುಟ್ಬುಡ್ತಾರೆ ಅಂತ.”

“ಬುಟ್ರಾ?”

“ಬುಟ್ರು. ನಿನ್ನೂ ಬುಟ್ರಲ್ಲ?”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಕಾಲು ತೊಳೆದ ಆ ಹುಡುಗಿಯ ದನಿಯಲ್ಲೂ ಇರಲಿಲ್ಲ. ಮುತ್ತುಕುಮಾರ್‌ಗೆ ನಾಚಿಕೆಯಿಂದ ಕಿವಿ ಸುಟ್ಟುಹೋದ ಹಾಗಾಯಿತು. ಬೂದಿ ಕೇಳಿ ಪಡೆದವನು ತಾನು, ದಡ್ಡ ಹಳ್ಳಿ ಹೆಂಗಸು ತನಗೆ ಗೊತ್ತಿಲ್ಲದೆ ತುರುಕಿದ್ದಾಳೆ ಎಂದು ಬರೆಸಿಬಂದವನೂ ತಾನು. ಈ ಕಲ್ಲಿನ ಮೇಲೆ ಕೂತು ಅದನ್ನು ಅವನು ಅವಳಿಗೆ ಒಂದೊಂದಾಗಿ ಹೇಳಿದ, ನೋ ಎಜುಕೇಷನ್ ಎಂಬುದನ್ನೂ ಬಿಡದೆ. ಹೇಳಿ ಮುಗಿಸಿದಾಗ ಅಳು ಬಂತು. ಐವತ್ತಮೂರರ ಗಂಡಸಿಗೆ ಅಳುವುದಕ್ಕೂ ಸರಿಯಾಗಿ ಬರುವುದಿಲ್ಲ, ಸೀನಿದ ಹಾಗಾಯಿತು.

“ಗೊತ್ತಿದ್ದೂ ಊರಿಗೆಲ್ಲ ಯಾಕವ್ವಾ ತೋರ್ಸ್ದೆ?”

“ನೀ ಎಂದು ಏಳ್ತೀಯ ಅಂತ ಕಾಯ್ತಿದ್ದೆ. ಮೂರು ವಾರ ಆಯ್ತು.” ಮುತ್ತಮ್ಮಾಳ್ ಕಾಗದವನ್ನು ಅವನ ಮುಂದೆ ಹಿಡಿದಳು. “ಎನ್ನ ಎಸ್ರು ಎಲ್ಲೈತೆ ಅಂತ ಎನಗೆ ಗೊತ್ತು, ಅಂಗಡಿಯಾಗೆ ತೋರ್ಸಿದ್ರು. ನಿನ್ನ ಎಸ್ರೆಲ್ಲೈತೆ? ತೋರ್ಸು.”

ಅವನು ಹುಡುಕಿ, ಎಲ್ಲಕ್ಕಿಂತ ಕೆಳಗೆ, ಮೂಲೆಯಲ್ಲಿ, ಅವಸರದಲ್ಲಿ ಗೀಚಿದ ಸಹಿಯ ಮೇಲೆ ಬೆರಳಿಟ್ಟ. ಮುದುಕಿ ಕಾಗದವನ್ನು ಕಣ್ಣಿಗೆ ತೀರ ಹತ್ತಿರ ಹಿಡಿದು, ಬಿಸಿಲಿಗೆ ಓರೆ ಮಾಡಿ, ಬಹಳ ಹೊತ್ತು ನೋಡಿದಳು.

“ಸಣ್ಣಕೈತೆ,” ಎಂದಳು. ಶಾಲು ಮಡಿಚಿ ಅವನ ತೊಡೆಯ ಮೇಲಿಟ್ಟು, ಕಾಗದವನ್ನು ತನ್ನ ಮಡಿಲಿಗೆ ಸೇರಿಸಿಕೊಂಡು ಕಾರಿನ ಕಡೆ ನಡೆದಳು.